ವೆಬ್ ಪುಟಕ್ಕೆ ಚಿತ್ರ ಮತ್ತು ಹಿನ್ನೆಲೆ: ಅಕ್ಷರ ಅಕ್ಷರವಾಗಿಯೇ ಉಳಿಯಲಿ

ಅಂತರಜಾಲದಲ್ಲಿ ಒಂದು ಪುಟವನ್ನು ರೂಪಿಸಲು ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಗಣಕದೊಂದಿಗೇ ಬರುವ ನೋಟ್‌ಪ್ಯಾಡ್, ಒಂದು ಬ್ರೌಸರ್ ಹಾಗೂ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಯ ಹತ್ತಿಪ್ಪತ್ತು ಪದಗಳ ಪರಿಚಯವಿದ್ದರೆ ಸಾಕು. ಶೀರ್ಷಿಕೆ, ಪರಿಚ್ಛೇದ, ಕೊಂಡಿ ಇವಿಷ್ಟನ್ನು ಕಲಿತವರು ಮುಂದೆ ಕೈಹಾಕುವುದು ಚಿತ್ರ ಮತ್ತು ಹಿನ್ನೆಲೆಗೆ. ಪುಟಕ್ಕೆ ಕಳೆ ಬರುವುದೂ ಇಲ್ಲಿಯೇ, ಕೆಡುವುದೂ ಇಲ್ಲಿಯೇ.

ಕನ್ನಡದ ಪುಟಗಳ ಮಟ್ಟಿಗೆ ಈ ವಿಷಯಕ್ಕೆ ಮತ್ತೊಂದು ಮುಖವಿದೆ. ಹಲವು ವರ್ಷಗಳ ಕಾಲ ಅಂತರಜಾಲದಲ್ಲಿ ಕನ್ನಡದ ಅಕ್ಷರವೇ ಚಿತ್ರವಾಗಿ ಬದುಕಬೇಕಾಗಿತ್ತು. ಆ ಅನಿವಾರ್ಯತೆ ಕಳೆದು ಎರಡು ದಶಕಗಳಾಗಿದ್ದರೂ ಅಭ್ಯಾಸ ಮಾತ್ರ ಪೂರ್ತಿಯಾಗಿ ಕಳೆದಿಲ್ಲ. ಆದುದರಿಂದ ಚಿತ್ರವನ್ನು ಸೇರಿಸುವ ವಿಧಾನದಷ್ಟೇ, ಯಾವುದನ್ನು ಚಿತ್ರವಾಗಿಸಬಾರದು ಎಂಬ ತಿಳಿವಳಿಕೆಯೂ ಅಗತ್ಯ.

ವಿವರಣೆಗೆ ಅನುಕೂಲವಾಗಲೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ವಿದ್ಯಾರ್ಥಿಯೊಬ್ಬರು ತಮ್ಮ ಊರನ್ನು ಪರಿಚಯಿಸುವ ಒಂದೇ ಪುಟದ ತಾಣವನ್ನು ಸಿದ್ಧಪಡಿಸುತ್ತಿದ್ದಾರೆಂದು ಭಾವಿಸೋಣ. ಪುಟದಲ್ಲಿ ಊರಿನ ಹೆಸರು, ನಾಲ್ಕು ಪರಿಚ್ಛೇದಗಳ ವಿವರ, ಸಮೀಪದ ಮದಗದ ಕೆರೆಯ ಒಂದು ಛಾಯಾಚಿತ್ರ ಮತ್ತು ಕಣ್ಣಿಗೆ ಹಿತವಾದ ಹಿನ್ನೆಲೆ ಇರಬೇಕು. ಇವನ್ನು ಜೋಡಿಸುವುದು ಹೇಗೆ?

ಒಂದು ಸೂಚನೆ: ಎಚ್‌ಟಿಎಂಎಲ್ ಸಂಕೇತಗಳನ್ನು ಈ ಲೇಖನದಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡದಲ್ಲಿ ಕೊಡಲಾಗಿದೆ. ಕಡತದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಬರೆಯಬೇಕು.

ಚಿತ್ರ ಬಂದ ಬಗೆ

ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ ವಿಶ್ವವ್ಯಾಪಿ ಜಾಲದ ಮೊದಲ ಪುಟಗಳಲ್ಲಿ ಬರಹದ ನಡುವೆ ಚಿತ್ರವನ್ನು ಕೂರಿಸುವ ವ್ಯವಸ್ಥೆ ಇರಲಿಲ್ಲ. 1993ರ ಫೆಬ್ರವರಿಯಲ್ಲಿ ಮಾರ್ಕ್ ಆಂಡ್ರೀಸನ್ ಅವರು ಇದಕ್ಕಾಗಿ ಒಂದು ಹೊಸ ಟ್ಯಾಗನ್ನು ಸೂಚಿಸಿದರು. ಅವರೂ ಭಾಗಿಯಾಗಿದ್ದ ತಂಡ ಅದೇ ವರ್ಷ ಹೊರತಂದ ಮೊಸಾಯಿಕ್ ಬ್ರೌಸರ್ ಅದನ್ನು ಜನಪ್ರಿಯಗೊಳಿಸಿತು. ಅಂದಿನ ಆ ಟ್ಯಾಗೇ ಇಂದಿಗೂ ಬಳಕೆಯಲ್ಲಿದೆ.

ಪುಟಕ್ಕೆ ಹಿನ್ನೆಲೆ ಬಣ್ಣ ಮತ್ತು ಹಿನ್ನೆಲೆ ಚಿತ್ರವನ್ನು ಕೊಡುವ ಸೌಲಭ್ಯ ಆನಂತರ ನೆಟ್‌ಸ್ಕೇಪ್ ಬ್ರೌಸರಿನ ಮೂಲಕ ಹರಡಿತು. 1997ರ ಜನವರಿಯಲ್ಲಿ ಬಂದ ಎಚ್‌ಟಿಎಂಎಲ್ 3.2 ಆವೃತ್ತಿ ಅದಕ್ಕೆ ಅಧಿಕೃತ ಮುದ್ರೆಯನ್ನೊತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿಯಾದರೋ, ಅಲಂಕಾರದ ಕೆಲಸವನ್ನು ಸಿಎಸ್‌ಎಸ್ ಎಂಬ ಪ್ರತ್ಯೇಕ ಶೈಲಿಭಾಷೆಗೆ ವಹಿಸುವುದು ಲೇಸೆಂದು ಹೇಳಿ ಹಳೆಯ ವಿಧಾನವನ್ನು ಕೈಬಿಡುವಂತೆ ಸೂಚಿಸಿತು. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5ರಲ್ಲಿ ಹಳೆಯ ವಿಧಾನಕ್ಕೆ ಸ್ಥಾನವಿಲ್ಲ. ಬ್ರೌಸರುಗಳು ಅದನ್ನು ಈಗಲೂ ಅರ್ಥಮಾಡಿಕೊಳ್ಳುತ್ತವೆ; ಆದರೆ ಹೊಸದಾಗಿ ಕಲಿಯುವವರು ಹಳೆಯದನ್ನು ರೂಢಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕನ್ನಡವೇ ಚಿತ್ರವಾಗಿದ್ದ ಕಾಲ

ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದು 1996ರಲ್ಲಿ. ಆ ದಿನಗಳಲ್ಲಿ ಕನ್ನಡದ ಪ್ರತಿಯೊಂದು ಫಾಂಟೂ ತನ್ನದೇ ಆದ ಸಂಕೇತಕ್ರಮವನ್ನು ಅನುಸರಿಸುತ್ತಿತ್ತು. ಪುಟವನ್ನು ಸಿದ್ಧಪಡಿಸಿದವರ ಗಣಕದಲ್ಲಿದ್ದ ಫಾಂಟು ಓದುಗರ ಗಣಕದಲ್ಲಿ ಇಲ್ಲದಿದ್ದರೆ ತೆರೆಯ ಮೇಲೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಮಾತ್ರ.

ಈ ತೊಡಕಿಗೆ ಮೂರು ಪರಿಹಾರಗಳಿದ್ದವು. ಮೊದಲನೆಯದು, ಫಾಂಟನ್ನು ಇಳಿಸಿಕೊಳ್ಳುವಂತೆ ಓದುಗರನ್ನು ವಿನಂತಿಸುವುದು. ಎರಡನೆಯದು, ಪುಟದೊಂದಿಗೇ ಫಾಂಟನ್ನೂ ಕಳುಹಿಸುವ ‘ಡೈನಮಿಕ್ ಫಾಂಟ್’. ಮೈಕ್ರೋಸಾಫ್ಟ್ ರೂಪಿಸಿದ್ದ ಈ ತಂತ್ರ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಕೆಲಸಮಾಡುತ್ತಿತ್ತು, ಅನ್ಯ ಬ್ರೌಸರುಗಳಲ್ಲಿ ನಡೆಯುತ್ತಿರಲಿಲ್ಲ. ಮೂರನೆಯದು, ಕನ್ನಡದ ಬರಹವನ್ನೇ ಚಿತ್ರವನ್ನಾಗಿಸಿ ಪುಟದಲ್ಲಿ ಅಂಟಿಸುವುದು. ಶೀರ್ಷಿಕೆಗಳಿಗೆ, ಗುಂಡಿಗಳಿಗೆ, ಕೆಲವೆಡೆ ಇಡೀ ಬರಹಕ್ಕೂ ಈ ಉಪಾಯವನ್ನೇ ಅನುಸರಿಸಲಾಗುತ್ತಿತ್ತು. ಎಲ್ಲರಿಗೂ ಒಂದೇ ರೀತಿ ಕಾಣುತ್ತದೆಂಬುದು ಅದರ ಅನುಕೂಲ.

ಯುನಿಕೋಡ್ ಈ ಸಮಸ್ಯೆಯನ್ನು ಬುಡದಲ್ಲಿಯೇ ಬಗೆಹರಿಸಿತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತಾದರೂ ಜನಸಾಮಾನ್ಯರ ಗಣಕಕ್ಕೆ ಅದು ತಲಪಿದ್ದು ತಡವಾಗಿ. 2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯುನಿಕೋಡ್ ಕನ್ನಡ ಫಾಂಟಿನೊಂದಿಗೆ ಬಂದಿತು. 2003ರಲ್ಲಿ ಆರಂಭಗೊಂಡ ಕನ್ನಡ ವಿಕಿಪೀಡಿಯ ಯುನಿಕೋಡಿನ ಮೇಲೆಯೇ ನಿಂತಿತು. ಇಂದು ಮೊಬೈಲ್ ಫೋನುಗಳೂ ಕನ್ನಡವನ್ನು ತಾವಾಗಿಯೇ ತೋರಿಸುತ್ತವೆ.

ಹಾಗಿದ್ದರೂ ಪ್ರಕಟಣೆ, ಆಹ್ವಾನಪತ್ರಿಕೆ, ಸುತ್ತೋಲೆಗಳನ್ನು ಚಿತ್ರವಾಗಿಸಿ ಜಾಲಕ್ಕೆ ಏರಿಸುವ ರೂಢಿ ಮುಂದುವರಿದಿದೆ. ಅದರಿಂದಾಗುವ ನಷ್ಟವನ್ನು ಒಂದು ಹೆಸರಿನ ಮೂಲಕವೇ ಅಳೆಯಬಹುದು. ‘ಎಮ್ಮೆದೊಡ್ಡಿ’ ಎಂಬ ಪದದಲ್ಲಿ ಸ್ವರಚಿಹ್ನೆ, ಅರ್ಧಾಕ್ಷರದ ಗುರುತುಗಳನ್ನೂ ಎಣಿಸಿದರೆ 11 ಯುನಿಕೋಡ್ ಸಂಕೇತಗಳಿವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್‌ಗಳು. ಒಟ್ಟು 33 ಬೈಟ್. ಅದೇ ಪದವನ್ನು 300 ಪಿಕ್ಸೆಲ್ ಅಗಲ, 80 ಪಿಕ್ಸೆಲ್ ಎತ್ತರದ ಚಿತ್ರವನ್ನಾಗಿಸಿದರೆ 24,000 ಬಿಂದುಗಳ ಬಣ್ಣವನ್ನು ದಾಖಲಿಸಬೇಕಾಗುತ್ತದೆ. ಎಷ್ಟೇ ಅಡಕಗೊಳಿಸಿದರೂ ಅದು ಹಲವು ಪಟ್ಟು ದೊಡ್ಡದು.

ಗಾತ್ರಕ್ಕಿಂತಲೂ ಮುಖ್ಯವಾದ ನಷ್ಟ ಬೇರೆಯದು. ಚಿತ್ರದೊಳಗಿನ ಹೆಸರನ್ನು ಹುಡುಕಲು, ನಕಲು ಮಾಡಿಕೊಳ್ಳಲು, ಅನುವಾದಿಸಲು ಸುಲಭವಾಗಿ ಆಗುವುದಿಲ್ಲ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೂ ಇವೆಯಾದರೂ ಮಸುಕಾದ ಒತ್ತಕ್ಷರಗಳಲ್ಲಿ ಅವು ಎಡವುತ್ತವೆ. ಬೆಂಗಳೂರು, ಮೈಸೂರುಗಳ ವಿಚಾರದಲ್ಲಿ ಒಂದು ಪುಟ ಹುಡುಕಾಟಕ್ಕೆ ಸಿಗದಿದ್ದರೆ ಮತ್ತೊಂದು ಸಿಗುತ್ತದೆ. ಅಂತರಜಾಲದಲ್ಲಿ ಬೆರಳೆಣಿಕೆಯಷ್ಟು ಪುಟಗಳಿರುವ ಊರಿಗೆ ಆ ಭಾಗ್ಯವಿಲ್ಲ. ಹೆಸರು ಚಿತ್ರದೊಳಗೆ ಸೇರಿಕೊಂಡರೆ ಹುಡುಕುವವರ ಪಾಲಿಗೆ ಆ ಪುಟವೇ ಇಲ್ಲದಂತೆ.

ಚಿತ್ರವನ್ನು ಸಿದ್ಧಪಡಿಸುವುದು

ನಮ್ಮ ಉದಾಹರಣೆಯ ಪುಟಕ್ಕೆ ಮರಳೋಣ. ಕೆರೆಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆಯಲಾಗಿದೆ. 12 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರವೆಂದರೆ ಸುಮಾರು 4,000 ಪಿಕ್ಸೆಲ್ ಅಗಲ, 3,000 ಪಿಕ್ಸೆಲ್ ಎತ್ತರ. ಕಡತದ ಗಾತ್ರ 4 ಎಂಬಿ ಎಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ 100 ಕಿಲೋಬಿಟ್ ಮಾತ್ರ ಹರಿಯುವ ದುರ್ಬಲ ಸಂಪರ್ಕದಲ್ಲಿ ಅದು ಪೂರ್ತಿ ಇಳಿಯಲು 320 ಸೆಕೆಂಡು, ಅಂದರೆ ಐದು ನಿಮಿಷಕ್ಕೂ ಹೆಚ್ಚು ಸಮಯ ಬೇಕು. ಅದೇ ಚಿತ್ರವನ್ನು 1,000 ಪಿಕ್ಸೆಲ್ ಅಗಲಕ್ಕೆ ಇಳಿಸಿ 100 ಕೆಬಿಗೆ ಅಡಕಗೊಳಿಸಿದರೆ ಎಂಟು ಸೆಕೆಂಡು ಸಾಕು. ಪುಟದಲ್ಲಿ ನೋಡುವವರಿಗೆ ವ್ಯತ್ಯಾಸ ಹೆಚ್ಚೇನೂ ತಿಳಿಯುವುದಿಲ್ಲ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪೊಂದಿದೆ. ದೊಡ್ಡ ಕಡತವನ್ನು ಹಾಗೆಯೇ ಏರಿಸಿ, ಎಚ್‌ಟಿಎಂಎಲ್‌ನಲ್ಲಿ ಅಗಲವನ್ನು ಕಡಿಮೆಯೆಂದು ನಮೂದಿಸಿದರೆ ಚಿತ್ರ ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಓದುಗರ ಫೋನಿಗೆ ಇಳಿಯುವುದು ಇಡೀ 4 ಎಂಬಿ. ಚಿತ್ರವನ್ನು ಕುಗ್ಗಿಸುವ ಕೆಲಸ ಏರಿಸುವುದಕ್ಕೆ ಮೊದಲೇ ಆಗಬೇಕು. ವಿಂಡೋಸಿನ ಪೇಂಟ್ ಅಥವಾ ಉಚಿತವಾಗಿ ದೊರೆಯುವ ಜಿಂಪ್ ತಂತ್ರಾಂಶ ಇದಕ್ಕೆ ಸಾಕು.

ಚಿತ್ರದ ಸ್ವರೂಪದ ಆಯ್ಕೆಯೂ ಮುಖ್ಯ. ಛಾಯಾಚಿತ್ರಗಳಿಗೆ ಜೆಪೆಗ್ ಸೂಕ್ತ. ಬಣ್ಣಗಳು ನಯವಾಗಿ ಬೆರೆಯುವಲ್ಲಿ ಅದು ಚೆನ್ನಾಗಿ ಅಡಕಗೊಳ್ಳುತ್ತದೆ. ಲಾಂಛನ, ನಕ್ಷೆ, ಗೆರೆಚಿತ್ರಗಳಿಗೆ ಪಿಎನ್‌ಜಿ ಒಳ್ಳೆಯದು. ಅಂಚುಗಳು ಸ್ಪಷ್ಟವಾಗಿ ಉಳಿಯುತ್ತವೆ, ಪಾರದರ್ಶಕ ಭಾಗವನ್ನೂ ಇರಿಸಬಹುದು. 1987ರಲ್ಲಿ ಬಂದ ಗಿಫ್‌ನಲ್ಲಿ ಒಂದು ಚಿತ್ರಕ್ಕೆ 256 ಬಣ್ಣಗಳಷ್ಟೇ ಲಭ್ಯ. ಛಾಯಾಚಿತ್ರಕ್ಕೆ ಅದು ತಕ್ಕುದಲ್ಲ. ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ ಸ್ವರೂಪವನ್ನು ಇಂದಿನ ಪ್ರಮುಖ ಬ್ರೌಸರುಗಳೆಲ್ಲವೂ ತೋರಿಸುತ್ತವೆ. ಗಾತ್ರ ಮತ್ತಷ್ಟು ಕಡಿಮೆಯಾಗಬೇಕೆನ್ನುವವರು ಅದನ್ನು ಬಳಸಬಹುದು.

ಐಎಂಜಿ ಟ್ಯಾಗ್

ಚಿತ್ರವನ್ನು ಸೇರಿಸುವ ಟ್ಯಾಗಿನ ಹೆಸರು ‘ಐಎಂಜಿ’. ಐ, ಎಂ, ಜಿ ಎಂಬ ಮೂರು ಅಕ್ಷರಗಳನ್ನು ಕೋನಾಕಾರದ ಆವರಣದೊಳಗೆ ಬರೆಯಬೇಕು. ಇದಕ್ಕೆ ಮುಕ್ತಾಯದ ಟ್ಯಾಗ್ ಇಲ್ಲ. ಹೆಸರಿನ ನಂತರ ಅದೇ ಆವರಣದೊಳಗೆ ಕೆಳಗಿನ ವಿವರಗಳು ಬರಬೇಕು. ಪ್ರತಿಯೊಂದರ ಮುಂದೆಯೂ ಸಮಚಿಹ್ನೆ, ಬಳಿಕ ಉದ್ಧರಣ ಚಿಹ್ನೆಯ ನಡುವೆ ಅದರ ಬೆಲೆ.

‘ಎಸ್‌ಆರ್‌ಸಿ’: ಚಿತ್ರದ ಕಡತ ಎಲ್ಲಿದೆ ಎಂಬುದನ್ನು ಇದು ಹೇಳುತ್ತದೆ. ಚಿತ್ರ ಮತ್ತು ಪುಟ ಒಂದೇ ಫೋಲ್ಡರಿನಲ್ಲಿದ್ದರೆ ಕಡತದ ಹೆಸರಷ್ಟೇ ಸಾಕು. ಬೇರೆ ಉಪಫೋಲ್ಡರಿನಲ್ಲಿದ್ದರೆ ಮೊದಲು ಫೋಲ್ಡರಿನ ಹೆಸರು, ಆಮೇಲೆ ಓರೆಗೆರೆ, ಬಳಿಕ ಕಡತದ ಹೆಸರು. ತಮ್ಮ ಗಣಕದ ಸಿ ಡ್ರೈವಿನ ವಿಳಾಸವನ್ನು ಇಲ್ಲಿ ಕೊಟ್ಟರೆ ಚಿತ್ರ ಅವರಿಗೆ ಮಾತ್ರ ಕಾಣುತ್ತದೆ. ಪುಟವನ್ನು ಜಾಲಕ್ಕೆ ಏರಿಸಿದ ಕೂಡಲೇ ಮಾಯವಾಗುತ್ತದೆ.

‘ಎಎಲ್‌ಟಿ’: ಚಿತ್ರ ಕಾಣದಿದ್ದಾಗ ಅದರ ಬದಲಿಗೆ ಬರುವ ಬರಹ. ಇದನ್ನು ಕನ್ನಡದಲ್ಲಿಯೇ ಬರೆಯಬಹುದು, ಬರೆಯಬೇಕು.

‘ವಿಡ್ತ್’ ಮತ್ತು ‘ಹೈಟ್’: ಚಿತ್ರದ ಅಗಲ ಮತ್ತು ಎತ್ತರ, ಪಿಕ್ಸೆಲ್‌ಗಳಲ್ಲಿ. ಇವನ್ನು ಕೊಟ್ಟರೆ ಚಿತ್ರ ಇಳಿಯುವ ಮುನ್ನವೇ ಬ್ರೌಸರ್ ಅದಕ್ಕೆ ಜಾಗ ಕಾಯ್ದಿರಿಸುತ್ತದೆ. ಇಲ್ಲವಾದರೆ ಓದುತ್ತಿರುವ ಸಾಲು ಇದ್ದಕ್ಕಿದ್ದಂತೆ ಕೆಳಗೆ ಜಿಗಿಯುತ್ತದೆ. ಮೊಬೈಲ್ ತೆರೆಯಿಂದ ಚಿತ್ರ ಹೊರಚಾಚದಿರಲು ಸಿಎಸ್‌ಎಸ್‌ನಲ್ಲಿ ‘ಮ್ಯಾಕ್ಸ್-ವಿಡ್ತ್’ ಎಂಬುದಕ್ಕೆ ಶೇ 100 ಎಂದೂ ‘ಹೈಟ್’ ಎಂಬುದಕ್ಕೆ ‘ಆಟೋ’ ಎಂದೂ ಸೂಚಿಸಬೇಕು.

ಕಡತದ ಹೆಸರಿನ ವಿಷಯದಲ್ಲಿ ಎಚ್ಚರ ಅಗತ್ಯ. ವಿಂಡೋಸಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಲಿನಕ್ಸ್ ಆಧಾರಿತ ಸರ್ವರುಗಳಲ್ಲಿ ಇದೆ. ಕ್ಯಾಮರಾ ಕೊಟ್ಟ ಹೆಸರಿನ ಕೊನೆಯಲ್ಲಿ ‘ಜೆಪಿಜಿ’ ದೊಡ್ಡಕ್ಷರದಲ್ಲಿದ್ದು, ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರೆ ಮನೆಯ ಗಣಕದಲ್ಲಿ ಕಂಡ ಚಿತ್ರ ಜಾಲದಲ್ಲಿ ಕಾಣುವುದಿಲ್ಲ. ಕಡತದ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದಂತೆ ಇಡುವುದು ಒಳ್ಳೆಯ ಅಭ್ಯಾಸ.

ಪರ್ಯಾಯ ಬರಹ ಯಾರಿಗಾಗಿ?

ದೃಷ್ಟಿದೋಷವುಳ್ಳವರು ತೆರೆಯ ಮೇಲಿನ ಬರಹವನ್ನು ಧ್ವನಿಯಾಗಿಸುವ ತಂತ್ರಾಂಶಗಳ ನೆರವಿನಿಂದ ಜಾಲವನ್ನು ಬಳಸುತ್ತಾರೆ. ಉಚಿತವಾಗಿ ದೊರೆಯುವ ಎನ್‌ವಿಡಿಎ ಅಂತಹುದೊಂದು. ಅದರೊಂದಿಗೆ ಬರುವ ಇ-ಸ್ಪೀಕ್ ಧ್ವನಿಸಾಧನ ಕನ್ನಡವನ್ನೂ ಓದುತ್ತದೆ. ಚಿತ್ರ ಬಂದೆಡೆ ಅದು ಓದುವುದು ಎಎಲ್‌ಟಿಯಲ್ಲಿನ ಬರಹವನ್ನು. ಅಲ್ಲಿ ಏನೂ ಇಲ್ಲದಿದ್ದರೆ ಕೇಳುಗರಿಗೆ ಅಲ್ಲಿರುವುದೇನೆಂದು ತಿಳಿಯುವುದಿಲ್ಲ. ಭಾರತ ಸರ್ಕಾರದ ಜಾಲತಾಣಗಳಿಗಾಗಿ 2009ರಲ್ಲಿ ಹೊರಬಂದ ಮಾರ್ಗಸೂಚಿಯೂ ಚಿತ್ರಗಳಿಗೆ ಪರ್ಯಾಯ ಬರಹ ಇರಬೇಕೆನ್ನುತ್ತದೆ.

‘ಚಿತ್ರ 1’, ‘ಕೆರೆ’ ಎಂದಿಷ್ಟೇ ಬರೆದರೆ ಪ್ರಯೋಜನವಿಲ್ಲ. ಮದಗದ ಕೆರೆ ಎಂಬ ಹೆಸರು ಜನಪದ ಗೀತೆಯ ಮೂಲಕ ನಾಡಿಗೆಲ್ಲ ಪರಿಚಿತ. ಆದರೆ ಆ ಹೆಸರಿನ ಕೆರೆ ಒಂದೇ ಅಲ್ಲ. ಹಾವೇರಿ ಜಿಲ್ಲೆಯ ಮಾಸೂರಿನ ಬಳಿಯೂ ಮದಗದ ಕೆರೆಯಿದೆ. ‘ಕಡೂರು ತಾಲ್ಲೂಕು ಎಮ್ಮೆದೊಡ್ಡಿ ಸಮೀಪದ ಮದಗದ ಕೆರೆ, ಏರಿಯ ಮೇಲಿನಿಂದ ಕಂಡಂತೆ’ ಎಂದು ಬರೆದರೆ ಕೇಳುವವರಿಗೂ ತಿಳಿಯುತ್ತದೆ, ಹುಡುಕುವವರಿಗೂ ಗೊಂದಲ ತಪ್ಪುತ್ತದೆ. ಚಿತ್ರ ತೆಗೆದ ತಿಂಗಳು, ವರ್ಷಗಳನ್ನು ಕೆಳಗೆ ಶೀರ್ಷಿಕೆಯಾಗಿ ಕೊಡುವುದು ಇನ್ನೂ ಮೇಲು. ಕೆರೆ ಕೋಡಿಬಿದ್ದ ವರ್ಷದ ಚಿತ್ರವೂ ಒಣಗಿದ ವರ್ಷದ ಚಿತ್ರವೂ ಮುಂದೊಂದು ದಿನ ಊರಿನ ದಾಖಲೆಯಾಗಬಲ್ಲವು. ಕಾಲ ತಿಳಿಯದಿದ್ದರೆ ಅವು ಬರಿಯ ಅಲಂಕಾರ.

ಕೇವಲ ಅಂದಕ್ಕಾಗಿ ಇಟ್ಟ ಗೆರೆ, ಹೂಬಳ್ಳಿಗಳಂತಹ ಚಿತ್ರಗಳಿಗೆ ಎಎಲ್‌ಟಿಯನ್ನು ಕೊಟ್ಟು ಉದ್ಧರಣ ಚಿಹ್ನೆಗಳ ನಡುವೆ ಖಾಲಿ ಬಿಡಬೇಕು. ಆಗ ತಂತ್ರಾಂಶ ಅದನ್ನು ದಾಟಿ ಮುಂದೆ ಸಾಗುತ್ತದೆ.

ಹಿನ್ನೆಲೆಯ ಬಣ್ಣ ಮತ್ತು ಚಿತ್ರ

ಹಿನ್ನೆಲೆಯನ್ನು ಸಿಎಸ್‌ಎಸ್ ಮೂಲಕ ‘ಬಾಡಿ’ ಟ್ಯಾಗಿಗೆ ಅನ್ವಯಿಸಲಾಗುತ್ತದೆ. ಬಣ್ಣಕ್ಕೆ ‘ಬ್ಯಾಕ್‌ಗ್ರೌಂಡ್-ಕಲರ್’ ಎಂದು ಬರೆದು, ವಿಭಜಕ ಚಿಹ್ನೆಯ ಬಳಿಕ ಬಣ್ಣದ ಹೆಸರನ್ನೋ ಸಂಖ್ಯಾಸಂಕೇತವನ್ನೋ ಕೊಡಬೇಕು. ‘ಕಲರ್’ ಎಂಬುದನ್ನು ಅಮೆರಿಕದ ಕಾಗುಣಿತದಂತೆ ‘ಯು’ ಅಕ್ಷರವಿಲ್ಲದೆ ಬರೆಯಬೇಕು. ನಮ್ಮ ಶಾಲೆಗಳಲ್ಲಿ ಕಲಿಸುವ ಕಾಗುಣಿತದಲ್ಲಿ ಬರೆದರೆ ಬ್ರೌಸರ್ ಆ ಸಾಲನ್ನೇ ಕಡೆಗಣಿಸುತ್ತದೆ, ದೋಷವನ್ನೂ ತೋರಿಸುವುದಿಲ್ಲ.

ಚಿತ್ರವನ್ನು ಹಿನ್ನೆಲೆಯಾಗಿಸಲು ‘ಬ್ಯಾಕ್‌ಗ್ರೌಂಡ್-ಇಮೇಜ್’ ಬಳಸಬೇಕು. ಇದರ ಬೆಲೆಯಾಗಿ ‘ಯುಆರ್‌ಎಲ್’ ಎಂದು ಬರೆದು ದುಂಡು ಆವರಣದೊಳಗೆ ಕಡತದ ವಿಳಾಸವನ್ನು ಕೊಡಲಾಗುತ್ತದೆ. ಬೇರೇನೂ ಹೇಳದಿದ್ದರೆ ಬ್ರೌಸರ್ ಆ ಚಿತ್ರವನ್ನು ನೆಲಕ್ಕೆ ಹಾಸುಗಲ್ಲು ಜೋಡಿಸಿದಂತೆ ಅಡ್ಡಕ್ಕೂ ಉದ್ದಕ್ಕೂ ಮತ್ತೆಮತ್ತೆ ಹಾಸುತ್ತದೆ. ಚಿಕ್ಕ ವಿನ್ಯಾಸಗಳಿಗೆ ಇದು ಚೆನ್ನ. ಕೆರೆಯ ಚಿತ್ರವನ್ನೇ ಕೊಟ್ಟರೆ ಒಂದು ಕೆರೆ ಹತ್ತು ಕೆರೆಯಾಗಿ ಕಾಣುತ್ತದೆ. ಅದನ್ನು ತಡೆಯಲು ‘ಬ್ಯಾಕ್‌ಗ್ರೌಂಡ್-ರಿಪೀಟ್’ ಎಂಬುದಕ್ಕೆ ‘ನೋ-ರಿಪೀಟ್’ ಎಂದು ಸೂಚಿಸಬೇಕು. ಒಂದೇ ಚಿತ್ರ ಇಡೀ ಜಾಗವನ್ನು ತುಂಬಬೇಕಾದರೆ ‘ಬ್ಯಾಕ್‌ಗ್ರೌಂಡ್-ಸೈಜ್’ ಎಂಬುದಕ್ಕೆ ‘ಕವರ್’ ಎಂದು ಕೊಡಬೇಕು. ಅಂಚುಗಳು ಕತ್ತರಿಸಿಹೋಗಬಹುದೆಂಬುದು ನೆನಪಿರಲಿ.

ಹಿನ್ನೆಲೆ ಚಿತ್ರದೊಂದಿಗೆ ಹಿನ್ನೆಲೆ ಬಣ್ಣವನ್ನೂ ಕೊಡುವುದು ಕಡ್ಡಾಯವೆಂದೇ ತಿಳಿಯಬೇಕು. ಗಾಢ ಚಿತ್ರದ ಮೇಲೆ ಬಿಳಿಯ ಅಕ್ಷರಗಳಿದ್ದು, ಸಂಪರ್ಕ ನಿಧಾನವಾಗಿ ಚಿತ್ರ ಇಳಿಯದಿದ್ದರೆ ಬಿಳಿಯ ಪುಟದಲ್ಲಿ ಬಿಳಿಯ ಅಕ್ಷರಗಳು ಉಳಿಯುತ್ತವೆ. ಓದುಗರ ಪಾಲಿಗೆ ಅದು ಖಾಲಿ ಹಾಳೆ.

ದನ ಮತ್ತು ಧನ

ಹಿನ್ನೆಲೆಯ ಆಯ್ಕೆಯಲ್ಲಿ ಕನ್ನಡ ಲಿಪಿಗೆ ಇಂಗ್ಲಿಷಿಗಿಂತ ಹೆಚ್ಚಿನ ಕಾಳಜಿ ಬೇಕು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವಣ ಅಂತರ ಒಂದು ಚಿಕ್ಕ ಗೀಟು ಮಾತ್ರ. ಹುಲ್ಲು, ಜಲ್ಲಿ, ಎಲೆಗಳ ಚಿತ್ರದ ಮೇಲೆ ಬರಹವನ್ನಿಟ್ಟರೆ ಆ ಗೀಟು ಚಿತ್ರದ ಗೆರೆಗಳಲ್ಲಿ ಕರಗಿಹೋಗುತ್ತದೆ. ದನ ಧನವಾಗುತ್ತದೆ, ಧನ ದನವಾಗುತ್ತದೆ. ಹೆಸರಿನಲ್ಲಿಯೇ ಎಮ್ಮೆಯನ್ನೂ ದೊಡ್ಡಿಯನ್ನೂ ಇರಿಸಿಕೊಂಡಿರುವ ಊರಿನ ಪುಟದಲ್ಲಿ ಇಂತಹ ತಪ್ಪುಓದಿಗೆ ಅವಕಾಶ ಕೊಡಬಾರದು. ಸಾಲಿನ ಕೆಳಗಿಳಿಯುವ ಒತ್ತಕ್ಷರಗಳ ಪಾಡೂ ಇದೇ.

ಆದುದರಿಂದ ಬರಹದ ಹಿಂದೆ ತಿಳಿಬಣ್ಣದ, ಗೆರೆಗಳಿಲ್ಲದ ಹಿನ್ನೆಲೆಯೇ ಲೇಸು. ಚಿತ್ರದ ಹಿನ್ನೆಲೆ ಬೇಕೇಬೇಕೆಂದಿದ್ದರೆ ಬರಹದ ಭಾಗಕ್ಕೆ ಪ್ರತ್ಯೇಕವಾಗಿ ಒಂದೇ ಬಣ್ಣದ ಹಿನ್ನೆಲೆಯನ್ನು ಕೊಟ್ಟು, ಚಿತ್ರ ಅಂಚುಗಳಲ್ಲಿ ಮಾತ್ರ ಕಾಣುವಂತೆ ಮಾಡಬಹುದು. ಅಕ್ಷರ ಮತ್ತು ಹಿನ್ನೆಲೆಗಳ ಹೊಳಪಿನ ಅನುಪಾತ ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಇದನ್ನು ಲೆಕ್ಕಹಾಕಿ ಕೊಡುವ ಉಚಿತ ಸಾಧನಗಳಿವೆ. ಸಾಲುಗಳ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಿಗೆ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸುವಿಗೆ ತಾಗುವುದಿಲ್ಲ.

ಯಾವುದು ಎಲ್ಲಿ?

ಒಂದು ಚಿತ್ರವನ್ನು ಐಎಂಜಿ ಮೂಲಕ ಸೇರಿಸಬೇಕೇ, ಹಿನ್ನೆಲೆಯಾಗಿ ಇಡಬೇಕೇ ಎಂಬ ಅನುಮಾನ ಬಂದಾಗ ಒಂದು ಪ್ರಶ್ನೆ ಸಾಕು: ಈ ಚಿತ್ರವನ್ನು ತೆಗೆದುಹಾಕಿದರೆ ಓದುಗರು ಏನನ್ನಾದರೂ ಕಳೆದುಕೊಳ್ಳುತ್ತಾರೆಯೇ? ಹೌದಾದರೆ ಅದು ಐಎಂಜಿ. ಇಲ್ಲವಾದರೆ ಹಿನ್ನೆಲೆ. ಹಿನ್ನೆಲೆ ಚಿತ್ರಕ್ಕೆ ಎಎಲ್‌ಟಿ ಬರಹವನ್ನು ಕೊಡುವ ಅವಕಾಶವಿಲ್ಲ. ಪುಟವನ್ನು ಮುದ್ರಿಸುವಾಗ ಬಹುತೇಕ ಬ್ರೌಸರುಗಳು ನಾವಾಗಿ ಕೇಳದ ಹೊರತು ಹಿನ್ನೆಲೆಯನ್ನು ಮುದ್ರಿಸುವುದೂ ಇಲ್ಲ. ಆದುದರಿಂದ ಮಾಹಿತಿಯನ್ನು ಎಂದಿಗೂ ಹಿನ್ನೆಲೆಗೆ ಸೇರಿಸಬಾರದು.

ಬರಹವಾದರೆ ಅದು ಈ ಎರಡೂ ಅಲ್ಲ. ಊರಿನ ಹೆಸರು, ಶೀರ್ಷಿಕೆ, ದೂರವಾಣಿ ಸಂಖ್ಯೆ, ಸಭೆಯ ದಿನಾಂಕ ಇವೆಲ್ಲವೂ ಅಕ್ಷರಗಳಾಗಿಯೇ ಇರಬೇಕು. ಪುಟದ ತಲೆಭಾಗದಲ್ಲಿ ಅಕ್ಷರಸಂಕೇತ ಯುಟಿಎಫ್-8 ಎಂದು ನಮೂದಿಸಿ, ನೋಟ್‌ಪ್ಯಾಡಿನಲ್ಲಿ ಉಳಿಸುವಾಗಲೂ ಅದನ್ನೇ ಆರಿಸಿಕೊಳ್ಳಬೇಕು. ಚೆಂದದ ಅಕ್ಷರಶೈಲಿ ಬೇಕೆನ್ನುವವರಿಗೆ ಉಚಿತ ಯುನಿಕೋಡ್ ಫಾಂಟುಗಳಿವೆ. ಅವನ್ನು ಸಿಎಸ್‌ಎಸ್ ಮೂಲಕ ಪುಟಕ್ಕೆ ಜೋಡಿಸಬಹುದು. ಅಂದಕ್ಕಾಗಿ ಅಕ್ಷರವನ್ನು ಚಿತ್ರವಾಗಿಸಬೇಕಾದ ಕಾಲ ಮುಗಿದಿದೆ.

ಹಕ್ಕು ಮತ್ತು ಖಾಸಗಿತನ

ಜಾಲದಲ್ಲಿ ಕಂಡ ಚಿತ್ರವೆಲ್ಲವೂ ಬಳಸಲು ಮುಕ್ತವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಛಾಯಾಚಿತ್ರವೂ ಕಲಾಕೃತಿಯೇ. ಸ್ವಂತ ಚಿತ್ರ, ಅನುಮತಿ ಪಡೆದ ಚಿತ್ರ ಅಥವಾ ವಿಕಿಮೀಡಿಯ ಕಾಮನ್ಸ್‌ನಂತಹ ಭಂಡಾರದ ಚಿತ್ರಗಳನ್ನು, ಅಲ್ಲಿ ಹೇಳಿರುವ ಷರತ್ತಿನಂತೆ ಛಾಯಾಗ್ರಾಹಕರ ಹೆಸರಿನೊಂದಿಗೆ ಬಳಸುವುದು ಸರಿಯಾದ ದಾರಿ. ಬೇರೆ ತಾಣದ ಚಿತ್ರದ ವಿಳಾಸವನ್ನೇ ಎಸ್‌ಆರ್‌ಸಿಗೆ ಕೊಡುವುದೂ ತರವಲ್ಲ. ಅದು ಅವರ ಸರ್ವರಿಗೆ ಹೊರೆ. ಅವರು ಆ ಚಿತ್ರವನ್ನು ತೆಗೆದ ದಿನ ನಮ್ಮ ಪುಟದಲ್ಲಿ ಖಾಲಿ ಚೌಕ ಉಳಿಯುತ್ತದೆ.

ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ಸ್ಥಳದ ಅಕ್ಷಾಂಶ, ರೇಖಾಂಶಗಳೂ ಸೇರಿರಬಹುದು. ಕೆರೆಯ ಚಿತ್ರಕ್ಕೆ ಅದರಿಂದ ಬಾಧೆಯಿಲ್ಲ. ಮನೆಯ, ಮಕ್ಕಳ ಚಿತ್ರಗಳಾದರೆ ಏರಿಸುವ ಮುನ್ನ ಆ ವಿವರವನ್ನು ಅಳಿಸುವುದು ಕ್ಷೇಮ.

ಏರಿಸುವ ಮುನ್ನ

ಪುಟ ಸಿದ್ಧವಾದ ಬಳಿಕ ನಾಲ್ಕು ಪರೀಕ್ಷೆಗಳನ್ನು ನಡೆಸಬಹುದು. ಒಂದು, ಬ್ರೌಸರಿನಲ್ಲಿ ಚಿತ್ರಗಳನ್ನು ತೋರಿಸದಂತೆ ಮಾಡಿ ಪುಟವನ್ನು ಓದಿ ನೋಡುವುದು. ಎರಡು, ಅದನ್ನೇ ಅಗ್ಗದ ಫೋನಿನಲ್ಲಿ, ಬಿಸಿಲಿನಲ್ಲಿ ನಿಂತು ಓದುವುದು. ಮೂರು, ಪುಟವನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸುವುದು. ನಾಲ್ಕು, ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಬೆರಳಚ್ಚಿಸುವುದು. ಎಮ್ಮೆದೊಡ್ಡಿ ಎಂಬ ಹೆಸರನ್ನು ಬ್ರೌಸರ್ ಹುಡುಕಿ ತೋರಿಸಿದರೆ ಆ ಪುಟವನ್ನು ಜಾಲಕ್ಕೆ ಏರಿಸಬಹುದು. ಸಿಗಲಿಲ್ಲವೆಂದರೆ ಹೆಸರು ಎಲ್ಲಿಯೋ ಚಿತ್ರದೊಳಗೆ ಉಳಿದುಕೊಂಡಿದೆ, ಅದನ್ನು ಮೊದಲು ಅಕ್ಷರಕ್ಕೆ ತರಬೇಕು.